ಜಾರ್ಜಿಯಾದ ಮಂತ್ರಿಗಳು ಮತ್ತು ನಮ್ಮ ಹೋಟೆಲು

ಹೋಟೆಲಿನಲ್ಲಿ ಕೆಲಸ ಮಾಡುವವರು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಸೂಟ್‌ಕೇಸ್ ಎಳೆದುಕೊಂಡು ಬಂದು, ಕೌಂಟರಿನ ಮುಂದೆ ನಿಂತು, "ರೂಮ್ ಉಂಟಾ?" ಎಂದು ಕೇಳುತ್ತದೆ.

ನಾನು ಮೂಡುಬಿದಿರೆ ಕಡೆಯವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು ಮಾತಾಡಿ ಬೆಳೆದವಳು. ಕುವೈತಿನಲ್ಲಿ ಸಮುದ್ರದ ಬದಿಯ ಒಂದು ದೊಡ್ಡ ಹೋಟೆಲಿನಲ್ಲಿ ವಿದೇಶಗಳಿಂದ ಬರುವ ಸರಕಾರಿ ಅತಿಥಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಷ್ಟೋ ದೇಶದವರು ಬಂದರು, ಉಂಡರು, ಹೋದರು. ಹೆಚ್ಚಿನವರ ಮುಖ ಕೂಡ ನೆನಪಿಲ್ಲ. ಆದರೆ ಒಬ್ಬರ ರಾಜಕೀಯ ಜೀವನವನ್ನು ಮಾತ್ರ ನಾನು ಬುಡದಿಂದ ತುದಿಯವರೆಗೆ ನಮ್ಮ ಲಾಬಿಯಲ್ಲೇ ನಿಂತು ನೋಡಿದ್ದೇನೆ. ಅವರು ಜಾರ್ಜಿಯಾದವರು. ಕಪ್ಪು ಸಮುದ್ರದ ಪಕ್ಕದ, ಬೆಟ್ಟ ಮತ್ತು ದ್ರಾಕ್ಷಿ ತೋಟಗಳ ಸಣ್ಣ ದೇಶ. ಮೊದಲು ಸಂಸದರಾಗಿ ಬಂದರು, ಆಮೇಲೆ ಉಪಮಂತ್ರಿಯಾಗಿ, ಕೃಷಿ ಮಂತ್ರಿಯಾಗಿ, ಮಾಜಿಯಾಗಿ, ಮತ್ತೆ ಮಂತ್ರಿಯಾಗಿ. ಅವರ ದೇಶದ ಪತ್ರಿಕೆಗಳು ಅವರ ಬಗ್ಗೆ ಏನೇನು ಬರೆದಿವೆಯೋ ನನಗೆ ಗೊತ್ತಿಲ್ಲ. ಅವುಗಳಲ್ಲಿ ಬಾರದ್ದು ನನ್ನ ಹತ್ತಿರ ಇದೆ.

ಯಾವ ಜಾರ್ಜಿಯಾ?

ಅವರು ಮೊದಲ ಸಲ ಬಂದಾಗ ಹೊಸದಾಗಿ ಗೆದ್ದ ಸಂಸದ. ಗುಂಗುರು ಕೂದಲು, ದಪ್ಪ ಮೀಸೆ, ರಾಜಕೀಯಕ್ಕೆ ಬರುವ ಮೊದಲು ಕಾಲೇಜಿನಲ್ಲಿ ದ್ರಾಕ್ಷಿ ಬೆಳೆಯ ಬಗ್ಗೆ ಪಾಠ ಮಾಡುತ್ತಿದ್ದವರು. ಐದಾರು ಸಂಸದರ ನಿಯೋಗದಲ್ಲಿ ಅವರೇ ಎಲ್ಲರಿಗಿಂತ ಕಿರಿಯರು.

ನಮ್ಮ ಮ್ಯಾನೇಜರ್ ಲೆಬನಾನಿನವರು, ಶಿಸ್ತಿನ ಮನುಷ್ಯ. "ಸ್ವಾಗತಕ್ಕೆ ಒಂದು ಕೇಕ್ ಇರಲಿ. ಅದನ್ನು ನೋಡಿದ ಕೂಡಲೆ ಅವರಿಗೆ ಊರು ನೆನಪಾಗಬೇಕು," ಎಂದರು. ನಮ್ಮ ಶೆಫ್ ಫೋನ್ ತೆಗೆದು ಜಾರ್ಜಿಯಾ ಎಂದು ಹುಡುಕಿ, ನಕ್ಷೆ ನೋಡಿ, ಆ ನಕ್ಷೆಯ ಆಕಾರದಲ್ಲೇ ಕೇಕ್ ಮಾಡಿದ. ಮೇಲೆ ಪೀಚ್ ಹಣ್ಣಿನ ಹೋಳು, ನಡುವೆ ಕ್ರೀಮಿನ ನಕ್ಷತ್ರ. ನಕ್ಷತ್ರದ ಪಕ್ಕದಲ್ಲಿ ಚಾಕೊಲೇಟಿನಲ್ಲಿ ರಾಜಧಾನಿಯ ಹೆಸರನ್ನೂ ಬರೆದಿದ್ದ.

ನಿಯೋಗ ಬಂತು. ಹೂಗುಚ್ಛ ಕೊಟ್ಟಾಯಿತು, ಖರ್ಜೂರ ಕೊಟ್ಟಾಯಿತು. ಕೇಕಿನ ಮುಚ್ಚಳ ತೆಗೆದಾಗ ಎಲ್ಲರೂ ಬಗ್ಗಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಬಗ್ಗಿ ನೋಡಿದೆ. ಚಾಕೊಲೇಟಿನಲ್ಲಿ ಅಂದವಾಗಿ ಬರೆದಿತ್ತು: ಅಟ್ಲಾಂಟಾ.

ಶೆಫ್ ಮಾಡಿದ್ದು ಅಮೆರಿಕದ ಜಾರ್ಜಿಯಾ ರಾಜ್ಯವನ್ನು! ಮ್ಯಾನೇಜರ್ ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದಾಗಿ, ವಿಮಾನ ಹತ್ತಿ, ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದದ್ದೂ ಆಯಿತು.

ಹಿರಿಯ ಸಂಸದರೊಬ್ಬರ ಮುಖ ಕೆಂಪಾಗುತ್ತಿತ್ತು. ಅಷ್ಟರಲ್ಲಿ ಈ ಗುಂಗುರು ಕೂದಲಿನವರು ಮುಂದೆ ಬಂದು ನನ್ನ ಕೈಯಿಂದ ಚಾಕು ತೆಗೆದುಕೊಂಡರು. ಅಟ್ಲಾಂಟಾ ಇದ್ದ ತುಂಡನ್ನೇ ಕತ್ತರಿಸಿ ಹಿರಿಯರ ತಟ್ಟೆಗೆ ಹಾಕಿದರು.

"ತಿನ್ನಿ ಸರ್," ಎಂದರು. "ನಮ್ಮಂಥ ಸಣ್ಣ ದೇಶಕ್ಕೆ ಅಮೆರಿಕದ ಒಂದು ರಾಜ್ಯವನ್ನು ನುಂಗುವ ಅವಕಾಶ ಮತ್ತೆ ಸಿಗುವುದಿಲ್ಲ."

ಎದ್ದು ನಿಂತ ಸಭೆ

ಮುಂದಿನ ಸಲ ಬರುವಾಗ ಅವರು ಕೃಷಿ ಇಲಾಖೆಯ ಉಪಮಂತ್ರಿ. ಕುವೈತಿನ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಹೋಟೆಲಿನಲ್ಲಿ ಅವರಿಗೆ ಔತಣ ಇಟ್ಟರು. ವಯಸ್ಸಾದ, ಮೃದು ಮಾತಿನ ಮನುಷ್ಯ. ಇಡೀ ಕುರಿಯನ್ನು ಅನ್ನದ ಮೇಲೆ ಮಲಗಿಸಿದ್ದ ದೊಡ್ಡ ದೊಡ್ಡ ಹರಿವಾಣಗಳು ಅಡುಗೆ ಮನೆಯಲ್ಲಿ ತಯಾರಾಗಿದ್ದವು.

ಜಾರ್ಜಿಯಾದವರಲ್ಲಿ ಊಟ ಎಂದರೆ ಭಾಷಣ. ಒಬ್ಬರು ಲೋಟ ಎತ್ತಿ ಶುಭ ಹಾರೈಸುತ್ತಾರೆ, ಎಲ್ಲರೂ ಕುಡಿಯುತ್ತಾರೆ, ಮತ್ತೆ ಹಾರೈಸುತ್ತಾರೆ. ಅಲ್ಲಿ ಲೋಟದಲ್ಲಿ ವೈನ್ ಇರುತ್ತದೆ. ಕುವೈತಿನಲ್ಲಿ ಮದ್ಯ ನಿಷೇಧ, ಹಾಗಾಗಿ ದಾಳಿಂಬೆ ರಸ ಇಟ್ಟಿದ್ದೆವು. ಬಣ್ಣ ಒಂದೇ ಆದ್ದರಿಂದ ಉಪಮಂತ್ರಿಗಳ ಉತ್ಸಾಹಕ್ಕೆ ಯಾವ ಕೊರತೆಯೂ ಆಗಲಿಲ್ಲ. ಎದ್ದು ನಿಂತು ಎರಡು ದೇಶಗಳ ಗೆಳೆತನಕ್ಕೆ ಹಾರೈಸಿದರು. ಆಮೇಲೆ ಶಾಂತಿಗೆ, ಆಮೇಲೆ ಪೂರ್ವಜರಿಗೆ. ತಾಯಂದಿರಿಗೆ ಹಾರೈಸುವಾಗ ಭಾಷಾಂತರ ಮಾಡುತ್ತಿದ್ದವನ ಗಂಟಲು ಒಣಗಿ, ಅರ್ಧ ಮಾತನ್ನು ಕೈಸನ್ನೆಯಲ್ಲೇ ಹೇಳುತ್ತಿದ್ದ. ವೈನ್ ಆಗಿದ್ದರೆ ಎಷ್ಟು ಹೊತ್ತಿಗೋ ಒಂದು ಹೊತ್ತಿಗೆ ಮನುಷ್ಯ ಸುಸ್ತಾಗಿ ಕೂರಬೇಕು. ದಾಳಿಂಬೆ ರಸ ಕುಡಿದವರಿಗೆ ಶಕ್ತಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಶೆಫ್ ಒಳಗಿನಿಂದ ಫೋನ್ ಮಾಡಿದ. "ಮ್ಯಾಡಮ್, ಈ ಕುರಿಯನ್ನು ನಾನು ಮೂರನೇ ಸಲ ಬಿಸಿ ಮಾಡುತ್ತಿದ್ದೇನೆ. ಇನ್ನೊಂದು ಸಲ ಮಾಡಿದರೆ ಅದು ಬೂದಿ."

ಔತಣ ಇಟ್ಟ ಯಜಮಾನರೂ ನನ್ನನ್ನು ಕಣ್ಣಲ್ಲೇ ಕರೆದರು. "ಮಗಳೇ, ಏನಾದರೂ ಮಾಡು," ಎಂದು ಪಿಸುಗುಟ್ಟಿದರು.

ನನಗೆ ಒಂದು ಉಪಾಯ ಹೊಳೆಯಿತು. ಇಲ್ಲಿನವರಲ್ಲಿ ಧೂಪದ ಪಾತ್ರೆ ಸುತ್ತು ಬಂದರೆ ಕಾರ್ಯಕ್ರಮ ಮುಗಿಯಿತು ಎಂದರ್ಥ. ಧೂಪ ತಂದರೆ ಉಪಮಂತ್ರಿಗಳ ಗಮನ ಅತ್ತ ಹೋಗುತ್ತದೆ, ಆ ಸಂದಿಯಲ್ಲಿ ಕುರಿಯನ್ನು ಒಳಗೆ ತರಬಹುದು ಎಂದು ಲೆಕ್ಕ ಹಾಕಿದೆ. ಮಾಣಿಗೆ ಸನ್ನೆ ಮಾಡಿದೆ. ಹೊಗೆಯಾಡುವ ಪಾತ್ರೆ ಒಳಗೆ ಬಂತು.

ಧೂಪದ ಪರಿಮಳ ಮೂಗಿಗೆ ಬಿದ್ದದ್ದೇ ತಡ, ಕುವೈತಿನ ಅತಿಥಿಗಳೆಲ್ಲ ಅಭ್ಯಾಸಬಲದಿಂದ ಧಡಕ್ಕನೆ ಎದ್ದು ನಿಂತರು. ಹೊರಡುವ ಹೊತ್ತಾಯಿತು ಎಂದು ನಿಲುವಂಗಿ ಸರಿಮಾಡಿಕೊಂಡು ಚಪ್ಪಲಿ ಹುಡುಕತೊಡಗಿದರು.

ಉಪಮಂತ್ರಿಗಳು ಅವಾಕ್ಕಾದರು. ಅವರ ಕಣ್ಣು ತುಂಬಿ ಬಂತು. "ನನ್ನ ದೇಶದ ತಾಯಂದಿರ ಗೌರವಕ್ಕೆ ಇಡೀ ಸಭೆ ಎದ್ದು ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ," ಎಂದು ಎದೆಗೆ ಕೈಯಿಟ್ಟುಕೊಂಡರು.

ನಂತರ ಲೋಟ ಎತ್ತಿ, ಹಾಗೆ ಎದ್ದು ನಿಂತವರಿಗಾಗಿ ಇನ್ನೊಂದು ಭಾಷಣ ಶುರುಮಾಡಿದರು.

ವಫ್ರಾದ ಸೌತೆಕಾಯಿ

ಮೂರನೆಯ ಸಲ ಪೂರ್ಣ ಪ್ರಮಾಣದ ಕೃಷಿ ಮಂತ್ರಿ. ಕಾರಿಗೆ ಬಾವುಟ, ಹಿಂದೆ ಮುಂದೆ ಬೆಂಗಾವಲು. ಕಾರ್ಯಕ್ರಮದಲ್ಲಿ ಕುವೈತಿನ ದಕ್ಷಿಣ ತುದಿಯ ವಫ್ರಾದ ಒಂದು ತೋಟದ ಭೇಟಿಯೂ ಇತ್ತು. ಮರಳುಗಾಡಿನಲ್ಲಿ ಹಸಿರುಮನೆ ಕಟ್ಟಿ ತರಕಾರಿ ಬೆಳೆಯುವುದನ್ನು ಅವರು ನೋಡಬೇಕಿತ್ತು. ಹೋಟೆಲಿನ ಕಡೆಯಿಂದ ನಾನು ಹೋದೆ. ಕಾರು ಓಡಿಸುತ್ತಿದ್ದದ್ದು ಹೋಟೆಲಿನ ಡ್ರೈವರ್, ನಾನು ಅಣ್ಣ ಎಂದು ಕರೆಯುವ ಕಾರ್ಕಳದವರು. ನನ್ನನ್ನು ಊರಿನ ಕೊಂಕಣಿ ಕ್ರಮದಲ್ಲಿ ಬಾಯಿ, ಅಂದರೆ ತಂಗಿ, ಎಂದೇ ಕರೆಯುವವರು.

ತೋಟದಲ್ಲಿ ಅಧಿಕಾರಿಗಳು ಡೇರೆಯೊಳಗೆ ದೊಡ್ಡ ಪರದೆ ಹಾಕಿ ವಿವರಣೆ ಶುರುಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಮಂತ್ರಿಗಳ ಕುರ್ಚಿಯ ಮೇಲೆ ಅವರ ಕೋಟು ಮಾತ್ರ ಕೂತಿದೆ.

ಬೆಂಗಾವಲಿನವರು ಅತ್ತ ಇತ್ತ ಓಡಿದರು. ನಾನು ಮತ್ತು ಅಣ್ಣ ಹಸಿರುಮನೆಗಳ ಸಾಲಿನ ಕಡೆ ಓಡಿದೆವು. ಒಂದರ ಒಳಗಿನಿಂದ ಯಾರೋ ಗದರಿಸುವುದು ಕೇಳಿತು.

"ಅರೇ ಭಾಯಿ, ನಿಂತುಕೊಂಡು ಏನು ನೋಡ್ತೀ? ಯಲ್ಲಾ, ಯಲ್ಲಾ! ಪೆಟ್ಟಿಗೆ ಎತ್ತು!"

ಇಣುಕಿದೆವು. ತೋಟದ ಪಂಜಾಬಿ ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಅವನ ಎದುರು ಜಾರ್ಜಿಯಾ ಸರಕಾರದ ಕೃಷಿ ಮಂತ್ರಿಗಳು ತೋಳು ಮಡಚಿ, ಬೆವರು ಸುರಿಸುತ್ತ, ಸೌತೆಕಾಯಿಯ ಪೆಟ್ಟಿಗೆ ಹೊತ್ತು ಬಾಗಿಲ ಕಡೆ ಬರುತ್ತಿದ್ದರು. ಕೆಳಗೆ ಜೋತು ಬಿದ್ದಿದ್ದ ಬಳ್ಳಿಯೊಂದನ್ನು ಕಂಡು ಎತ್ತಿ ಕಟ್ಟಲು ಒಳಗೆ ನುಗ್ಗಿದ್ದರಂತೆ. ಆ ದಿನ ಹೊಸ ಕೆಲಸಗಾರನೊಬ್ಬ ಬರುವವನಿದ್ದ. ಇವನೇ ಅವನು ಎಂದು ಮೇಸ್ತ್ರಿ ತಿಳಿದ. ಭಾಷೆ ಬಾರದಿದ್ದರೂ ಮಂತ್ರಿಗಳು ಹೇಳಿದ್ದೆಲ್ಲ ಖುಷಿಯಿಂದ ಮಾಡಿದ್ದರು.

ಅಣ್ಣ ಹೋಗಿ ಮೇಸ್ತ್ರಿಯ ಕಿವಿಯಲ್ಲಿ ವಿಷಯ ಹೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಮೇಸ್ತ್ರಿ ಹೆದರಲಿಲ್ಲ. ಮಂತ್ರಿಗಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಹೇಳಿದ, "ಮಂತ್ರಿ ಆದರೇನು? ಕೆಲಸ ಚೆನ್ನಾಗಿ ಮಾಡ್ತಾನೆ. ಇಕಾಮಾ ಇಲ್ಲದಿದ್ದರೆ ನಾನೇ ನಮ್ಮ ಕಫೀಲ್ ಧಣಿ ಹತ್ತಿರ ಮಾತಾಡ್ತೇನೆ."

ಲಿಫ್ಟ್ ಇಳಿದದ್ದು

ಮರುದಿನವೇ ಅವರು ಮಂತ್ರಿ ಪದವಿ ಕಳೆದುಕೊಂಡರು.

ಬೆಳಿಗ್ಗೆ ತಿಂಡಿಗೆ ಕರೆದುಕೊಂಡು ಬರಲು ನಾನು ಮೇಲೆ ಹೋಗಿದ್ದೆ. ಲಿಫ್ಟಿನೊಳಗೆ ನಾವು ಮೂವರು, ಮಂತ್ರಿಗಳು, ಅವರ ಸಹಾಯಕ ಮತ್ತು ನಾನು. ನಡುವೆ ಎಲ್ಲೋ ಸಹಾಯಕನ ಫೋನ್ ಗುಂಯ್‌ಗುಟ್ಟಿತು. ಅವನು ನೋಡಿದ, ಬಿಳುಚಿಕೊಂಡ, ಪರದೆಯನ್ನು ಮಂತ್ರಿಗಳ ಮುಂದೆ ಹಿಡಿದ. ಅವರ ಪ್ರಧಾನಿ ಸಂಪುಟ ಬದಲಾಯಿಸಿದ್ದರು. ಕೃಷಿಗೆ ಬೇರೆಯವರು ಬಂದಿದ್ದರು.

ನಾನು ಬಾಗಿಲ ಮೇಲೆ ಇಳಿಯುತ್ತಿದ್ದ ಮಹಡಿಯ ಅಂಕೆಗಳನ್ನೇ ನೋಡುತ್ತ ನಿಂತೆ. ಪಾಪ, ಹಿಂದಿನ ದಿನ ಅಷ್ಟು ಖುಷಿಯಿಂದ ಸೌತೆಕಾಯಿ ಹೊತ್ತ ಮನುಷ್ಯ. ಕೆಳಗೆ ತಲುಪಿ ಬಾಗಿಲು ತೆರೆಯಿತು. ಅವರು ಹೊರಗೆ ಕಾಲಿಡದೆ ಒಂದು ಕ್ಷಣ ನಿಂತು, ಟೈ ಸರಿಮಾಡಿಕೊಂಡು, ನನ್ನ ಕಡೆ ತಿರುಗಿದರು.

"ಮ್ಯಾಡಮ್, ನಿಮ್ಮ ಲಿಫ್ಟು ಬಹಳ ಜೋರು. ಒಬ್ಬ ಮನುಷ್ಯನನ್ನು ಇಷ್ಟು ಬೇಗ ಕೆಳಗಿಳಿಸಿದ ಲಿಫ್ಟ್ ನಾನು ಎಲ್ಲೂ ಕಂಡಿಲ್ಲ."

ಹೊರಗೆ ಬಾವುಟದ ಕಾರೂ ಇರಲಿಲ್ಲ, ಬೆಂಗಾವಲೂ ಇರಲಿಲ್ಲ. ಸುದ್ದಿ ನಮ್ಮ ಲಿಫ್ಟಿಗಿಂತ ಜೋರಾಗಿ ಓಡಿತ್ತು. ಮ್ಯಾನೇಜರ್ ಬಂದು, ಅವರ ರೂಮ್ ಖಾಲಿ ಮಾಡಿಸುವುದಾ ಎಂದು ಕಿವಿಯಲ್ಲಿ ಕೇಳಿದರು. "ನಮ್ಮ ಅತಿಥಿ ಸರ್. ಅವರ ವಿಮಾನ ಹೊರಡುವವರೆಗೆ ನಮ್ಮ ಅತಿಥಿಯೇ," ಎಂದೆ. ಅವರು ನನ್ನ ಮುಖ ನೋಡಿ, ಸರಿ ಎಂದು ಹೋದರು. ಕಾರ್ಕಳದ ಅಣ್ಣ ತಮ್ಮ ಸ್ವಂತ ಹಳೆಯ ಕಾರನ್ನೇ ತೊಳೆದು ಬಾಗಿಲ ಮುಂದೆ ತಂದು ನಿಲ್ಲಿಸಿದರು. ಮಾಜಿ ಮಂತ್ರಿಗಳು ಹಿಂದಿನ ಸೀಟು ಬಿಟ್ಟು ಅಣ್ಣನ ಪಕ್ಕದಲ್ಲೇ ಕೂತು ವಿಮಾನ ನಿಲ್ದಾಣಕ್ಕೆ ಹೋದರು.

ಆ ವಾರವೇ ಅಣ್ಣನಿಗೆ ವಫ್ರಾದಿಂದ ಫೋನ್ ಬಂತು. ಮೇಸ್ತ್ರಿ ಕೂಡ ಟೀವಿ ನೋಡಿದ್ದ.

"ಭಾಯಿ, ಅವನಿಗೆ ಅಲ್ಲಿ ಕೆಲಸ ಖಲಾಸ್ ಅಂತೆ. ಟೊಮೆಟೊ ಸೀಸನ್ ಶುರುವಾಗ್ತದೆ. ಬರ್ತಾನಾ ಕೇಳು."

ಅತ್ತೆಯ ಮೇಣದಬತ್ತಿ

ಬಂದರು. ಟೊಮೆಟೊ ಕೀಳಲು ಬಂದದ್ದಲ್ಲ, ಆಹಾರ ಮೇಳದಲ್ಲಿ ತಮ್ಮ ಊರಿನ ಜೇನು, ಅಡಿಕೆಯಷ್ಟು ದಪ್ಪದ ಹೇಝಲ್ ಬೀಜ ಮತ್ತು ಸಿಹಿತಿಂಡಿ ಮಾರಲು. ಅಧಿಕಾರ ಹೋಗಿದ್ದರೂ ಮೀಸೆ ಹಾಗೇ ಇತ್ತು. ಸಣ್ಣ ಮಳಿಗೆಯ ಮುಂದೆ ನಿಂತು ಹೋಗಿಬರುವವರನ್ನೆಲ್ಲ ಕರೆದು ತಿನ್ನಿಸುತ್ತಿದ್ದರು. ನನ್ನನ್ನು ಕಂಡದ್ದೇ ಒಂದು ಪೆಟ್ಟಿಗೆ ತಂದು ಕೈಗಿಟ್ಟರು. "ಮನೆಯವರಿಗೆ. ನಮ್ಮ ಅಮ್ಮ ಮಾಡಿದ್ದು."

ಅವರ ಊರಿನ ಆ ತಿಂಡಿ ವಿಚಿತ್ರ. ಆಕ್ರೋಡನ್ನು ದಾರದಲ್ಲಿ ಪೋಣಿಸಿ, ಗಟ್ಟಿಯಾಗಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ಒಣಗಿಸುತ್ತಾರೆ. ಉದ್ದಕ್ಕೆ, ಕಂದು ಬಣ್ಣಕ್ಕೆ, ತುದಿಯಲ್ಲಿ ದಾರದೊಂದಿಗೆ ಇರುತ್ತದೆ. ನಾನು ಪೆಟ್ಟಿಗೆಯನ್ನು ರಿಗ್ಗೈಯ ನಮ್ಮ ಫ್ಲ್ಯಾಟಿನ ಮೇಜಿನ ಮೇಲಿಟ್ಟು ಡ್ಯೂಟಿಗೆ ಹೋದೆ. ಊರಿನಿಂದ ಬಂದಿದ್ದ ಅತ್ತೆಗೆ, "ಅದು ಮಂತ್ರಿಗಳು ಕೊಟ್ಟದ್ದು," ಎಂದಷ್ಟೇ ಹೇಳಿದೆ. ಏನು ಎಂದು ಹೇಳಲಿಲ್ಲ.

ಸಂಜೆ ಅತ್ತೆಯ ಫೋನ್. "ನಿನ್ನ ಮಂತ್ರಿ ಎಂಥ ಕ್ಯಾಂಡಲ್ ಕೊಟ್ಟದ್ದು ಮಾರಾಯ್ತಿ? ಎಷ್ಟು ಕಡ್ಡಿ ಗೀರಿದರೂ ಸರಿ ಹತ್ತುವುದಿಲ್ಲ, ಹತ್ತಿದರೆ ಬೆಲ್ಲ ಕರಟಿದ ವಾಸನೆ!"

ಚರ್ಚಿನಿಂದ ತಂದ ದೇವಮಾತೆಯ ಚಿತ್ರದ ಮುಂದೆ ಅದನ್ನು ನಿಲ್ಲಿಸಿ, ದಾರಕ್ಕೆ ಬೆಂಕಿ ಹಚ್ಚಿ, ಜಪಸರ ಹಿಡಿದು ಕೂತಿದ್ದರಂತೆ. ಹೊಗೆ ತುಂಬಿ ಕಟ್ಟಡದ ಅಲಾರಂ ಹೊಡೆದು, ಈಜಿಪ್ಟಿನ ಕಾವಲುಗಾರ ಬಕೆಟ್ ನೀರಿನೊಂದಿಗೆ ಮೆಟ್ಟಿಲು ಹತ್ತಿ ಬಂದು ಸುರಿದೇಬಿಟ್ಟನಂತೆ.

ಮರುದಿನ ಮಳಿಗೆಗೆ ಹೋಗಿ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಮತ್ತೆ ಗಂಭೀರವಾಗಿ ಕೇಳಿದರು, "ಏನೆಂದು ಪ್ರಾರ್ಥಿಸಿದರಂತೆ?"

"ಕೊಟ್ಟವರಿಗೆ ಒಳ್ಳೆಯದಾಗಲಿ ಅಂತ."

ಅವರು ಒಳಗೆ ಹೋಗಿ ಇನ್ನೊಂದು ಪೆಟ್ಟಿಗೆ ತಂದುಕೊಟ್ಟರು.

ಮುಂದಿನ ವರ್ಷ ಅವರ ದೇಶದಲ್ಲಿ ಚುನಾವಣೆ ನಡೆದು ಅವರು ಪುನಃ ಮಂತ್ರಿಯಾದರು. ಊರಿಗೆ ಫೋನ್ ಮಾಡಿ ಅತ್ತೆಗೆ ಸುದ್ದಿ ಹೇಳಿದೆ. ಅತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ.

"ಅರ್ಧ ಉರಿದದ್ದಕ್ಕೇ ಮಂತ್ರಿ ಆದರು," ಎಂದರು. "ಆ ಕಾವಲುಗಾರ ಬಂದು ನೀರು ಹಾಕದಿದ್ದರೆ ಪ್ರಧಾನಿ ಆಗ್ತಿದ್ದರು."

ಮಾಮ

ಪುನಃ ಮಂತ್ರಿಯಾದ ಮೇಲೆ ಅವರು ಮೊದಲ ಸಲ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಬಂದರು. ಎತ್ತರದ, ನೆಟ್ಟ ನೋಟದ ಹೆಂಗಸು, ವೃತ್ತಿಯಲ್ಲಿ ವಕೀಲೆ. ಅವರು ಸುಮ್ಮನೆ ನಿಂತಿದ್ದರೂ ಎದುರಿನವರಿಗೆ ಸಾಕ್ಷಿ ಹೇಳಬೇಕು ಎನ್ನಿಸುತ್ತಿತ್ತು.

ಆ ಶುಕ್ರವಾರ ನಮ್ಮ ಹೋಟೆಲಿನ ಸಿಬ್ಬಂದಿಯ ಮಕ್ಕಳಿಗೆ ಪಾರ್ಟಿ ಇತ್ತು. ನನ್ನ ಗಂಡ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವರು. ಅವರು ಮಗಳನ್ನು ಬಾಗಿಲಲ್ಲಿ ನನ್ನ ಹತ್ತಿರ ಬಿಟ್ಟು ಕಾರು ನಿಲ್ಲಿಸಲು ಹೋದರು. ಮಗಳು ಒಂದನೇ ಕ್ಲಾಸು. ಕುವೈತಿನಲ್ಲೇ ಹುಟ್ಟಿದವಳು, ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಇದು ಹೀಗೇ ಆದರೆ ಊರಿನ ಒಂದು ಶಬ್ದವೂ ಉಳಿಯುವುದಿಲ್ಲ ಎಂದು ಆ ವಾರ ನಾನು ಕಟ್ಟುನಿಟ್ಟು ಮಾಡಿದ್ದೆ. "ಕಂಡ ಕಂಡವರಿಗೆ ಅಂಕಲ್ ಅನ್ನಬೇಡ, ಮಾಮ ಅನ್ನು."

ಮಂತ್ರಿಗಳು, ಹೆಂಡತಿ ಮತ್ತು ಸಹಾಯಕ ಊಟದ ಕೋಣೆಯಿಂದ ಬಂದರು. ಮಂತ್ರಿಗಳು ನನ್ನ ಮಗಳನ್ನು ಕಂಡು ಪ್ರೀತಿಯಿಂದ ಬಗ್ಗಿದರು. ನಾನು ಅವಳ ಬೆನ್ನು ತಟ್ಟಿ, "ಹಲೋ ಹೇಳು," ಎಂದೆ.

ಆ ವರ್ಷದಲ್ಲಿ ಮಗಳು ನನ್ನ ಮಾತು ಕೇಳಿದ್ದು ಅದೊಂದೇ ಸಲ. ಲಾಬಿಗೆಲ್ಲ ಕೇಳುವಂತೆ, "ಹಲೋ ಮಾಮ!" ಎಂದಳು.

ಸಹಾಯಕನ ಕೈಯಿಂದ ಫೋನ್ ಕೆಳಗೆ ಬಿತ್ತು. ಮಂತ್ರಿಗಳು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಜಾರ್ಜಿಯಾದ ಭಾಷೆಯಲ್ಲಿ ಮಾಮ ಎಂದರೆ ಅಪ್ಪ. ಅದು ನನಗೆ ಗೊತ್ತಿರಲಿಲ್ಲ.

ವಕೀಲೆ ನನ್ನ ಮಗಳ ಮುಖವನ್ನು ನಿಧಾನಕ್ಕೆ ನೋಡಿದರು. ನನ್ನ ಗ್ರಹಚಾರಕ್ಕೆ ಮಗಳದ್ದೂ ಗುಂಗುರು ಕೂದಲು. ಅಲ್ಲಿಂದ ತಮ್ಮ ಗಂಡನ ತಲೆ ನೋಡಿದರು. ಮತ್ತೆ ಒಂದೊಂದೇ ಶಬ್ದವನ್ನು ಇಟ್ಟು ಇಂಗ್ಲಿಷಿನಲ್ಲಿ ಕೇಳಿದರು, "ನೀವು ಕುವೈತಿಗೆ ಎಷ್ಟು ಸಲ ಬಂದಿದ್ದೀರಿ ಎಂದಿರಿ?"

ದಾಳಿಂಬೆ ರಸ ಕುಡಿದು ಸಭೆಗಳನ್ನೇ ಎದ್ದು ನಿಲ್ಲಿಸಿದ ಮಂತ್ರಿಗಳು ಬಗ್ಗಿದಲ್ಲೇ ಮೀಸೆ ಸವರತೊಡಗಿದರು. ಪದವಿ ಹೋದ ದಿನ ಕೂಡ ಅವರ ಮುಖ ಅಷ್ಟು ಬಿಳುಚಿರಲಿಲ್ಲ. ಸಹಾಯಕ ನನ್ನ ಕಿವಿಯಲ್ಲಿ ಶಬ್ದದ ಅರ್ಥ ಹೇಳಿದ. ಅತಿಥಿಗಳ ಎದುರು ಗಾಬರಿ ತೋರಿಸಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಗಟ್ಟಿಯಾಗಿ ನಿಂತು ಹೇಳಿದೆ, "ಮ್ಯಾಡಮ್, ನಮ್ಮ ಊರಲ್ಲಿ ಮಾಮ ಎಂದರೆ ಅಂಕಲ್. ಎಲ್ಲ ಗಂಡಸರಿಗೂ ಹಾಗೇ ಕರೆಯುತ್ತಾರೆ."

"ಎಲ್ಲ ಗಂಡಸರಿಗೂ?" ಎಂದರು ವಕೀಲೆ.

"ಎಲ್ಲರಿಗೂ. ತರಕಾರಿಯವನಿಗೆ, ಬಸ್ಸಿನವನಿಗೆ. ಇವಳ ಅಪ್ಪ ಬೇರೆ ಇದ್ದಾರೆ ಮ್ಯಾಡಮ್, ಕಾರು ನಿಲ್ಲಿಸಲು ಹೋಗಿದ್ದಾರೆ, ಈಗ ಬರ್ತಾರೆ."

ಸರಿಯಾಗಿ ಆಗಲೇ ಬಾಗಿಲು ತಿರುಗಿ ನನ್ನ ಗಂಡ ಒಳಗೆ ಬಂದರು. ದೇವರೇ ಕಳಿಸಿದ ಎಂದುಕೊಂಡೆ. ಮಗಳು ಕೈ ಚಾಚಿಕೊಂಡು ಓಡಿದಳು. ನಮ್ಮ ಮನೆಯಲ್ಲಿ ಅಪ್ಪನಿಗೆ ಕರೆಯುವಂತೆಯೇ ಕೂಗಿದಳು, "ಡ್ಯಾಡಾ!"

ಸಹಾಯಕ ಈ ಸಲ ಫೋನ್ ಬೀಳಿಸಲಿಲ್ಲ, ತಾನೇ ಸೋಫಾದ ಮೇಲೆ ಕೂತುಬಿಟ್ಟ. ಅವರ ಕಿವಿಗೆ ಅದು ಕೇಳಿದ್ದು ದೆದಾ, ಜಾರ್ಜಿಯಾದವರಲ್ಲಿ ದೆದಾ ಎಂದರೆ ಅಮ್ಮ.

ವಕೀಲೆ ನನ್ನ ಗಂಡನ ಮೀಸೆಯನ್ನು ನೋಡಿದರು. ಆ ಮೀಸೆ ಮಂತ್ರಿಗಳದ್ದಕ್ಕಿಂತ ಒಂದು ಕೈ ಮೇಲು. ವಕೀಲೆಯ ತುಟಿಯ ಕೊನೆಯಲ್ಲಿ ನಗು ಬಂದು ನಿಂತದ್ದನ್ನು ನಾನು ಕಂಡೆ. ಅದನ್ನು ಕಾಣದೆ ಬೆವರುತ್ತಿದ್ದವರು ಮಂತ್ರಿಗಳೊಬ್ಬರೇ.

"ಅಪ್ಪ ನನ್ನ ಗಂಡ," ಎಂದು ವಕೀಲೆ ಬೆರಳು ಮಡಚಿದರು. "ಅಮ್ಮ ಈ ಮೀಸೆಯವರು. ಹಾಗಾದರೆ ಮ್ಯಾಡಮ್, ನೀವು ಯಾರು?"

ಬಾಯಿಯಲ್ಲಿ ಹೇಳಿದರೆ ಇನ್ನೇನು ಅರ್ಥ ಬರುತ್ತದೋ ಎಂಬ ಭಯಕ್ಕೆ ನಾನು ಕೋಟಿನ ಮೇಲಿದ್ದ ಬ್ಯಾಡ್ಜನ್ನು ಮುಂದೆ ಮಾಡಿ ತೋರಿಸಿದೆ. ಅದರ ಮೇಲೆ ಹೋಟೆಲಿನವರು ಕೊಟ್ಟ ಹುದ್ದೆಯ ಹೆಸರು ಇತ್ತು. ವಕೀಲೆ ಬಗ್ಗಿ ಓದಿದರು.

"ಗೆಸ್ಟ್ ರಿಲೇಷನ್ಸ್."

ಮತ್ತೆ ತಮ್ಮ ಗಂಡನ ಕಡೆ ತಿರುಗಿದರು.

"ನಾನು ಆಗಿನಿಂದ ಕೇಳುತ್ತಿರುವುದು ಇದನ್ನೇ ಅಲ್ಲವಾ?"